ಫಿಟ್ಸ್ ಬಂದ ಮೇಲೆ ಭುಜ ನೋವೇ? ಪೆಟ್ಟು ಗುರುತಿಸುವುದರಿಂದ ಕೈ ಮತ್ತೆ ಎತ್ತುವವರೆಗೆ, ಹಂತ ಹಂತವಾಗಿ

ಉಡುಪಿಯಲ್ಲಿ ನನ್ನದು ಫಿಸಿಯೋಥೆರಪಿ ಕೆಲಸ. 'ಫ್ರೋಜನ್ ಶೋಲ್ಡರ್' (ಭುಜ ಬಿಗಿದು ಹಿಡಿದುಕೊಳ್ಳುವುದು) ಎಂದು ಬರೆದ ಚೀಟಿ ಹಿಡಿದು ಬರುವವರಲ್ಲಿ ಆಗಾಗ ಒಬ್ಬರು ಬೇರೆ ಥರ ಇರುತ್ತಾರೆ. ವಯಸ್ಸು ಮೂವತ್ತರ ಆಸುಪಾಸು. ಶುಗರ್ ಇಲ್ಲ. ಬಿದ್ದ ನೆನಪಿಲ್ಲ. ಎರಡು ತಿಂಗಳು ಎಣ್ಣೆ ತಿಕ್ಕಿಸಿ, ಶಾಖ ಕೊಟ್ಟು, ಕೈ ಎಳೆಸಿ ಸುಸ್ತಾಗಿರುತ್ತಾರೆ. "ನೋವು ಶುರುವಾಗುವ ಮೊದಲು ಫಿಟ್ಸ್ ಬಂದಿತ್ತಾ?" ಎಂದು ಕೇಳಿದರೆ ಜೊತೆಯವರು ಮುಖ ಮುಖ ನೋಡಿಕೊಳ್ಳುತ್ತಾರೆ. ಬಂದಿರುತ್ತದೆ. ಮದುವೆ ಮಾತುಕತೆ ನಡೀತಿದೆ ಅಂತ ಯಾರಿಗೂ ಹೇಳಿರುವುದಿಲ್ಲ. ಎಕ್ಸ್‌ರೇ ತೆಗೆಸಿದ್ದಾರೆ, 'ನಾರ್ಮಲ್' ಎಂದು ವರದಿಯೂ ಇದೆ. ಇನ್ನೊಂದು ಕೋನದಿಂದ ತೆಗೆಸಿದರೆ ಭುಜದ ಗುಂಡು, ಅಂದರೆ ತೋಳಿನ ಮೂಳೆಯ ದುಂಡನೆಯ ತಲೆ, ಕೀಲಿನಿಂದ ಹಿಂದಕ್ಕೆ ಜಾರಿ ಕೂತಿರುತ್ತದೆ.

ಭುಜದ ಕೀಲು ಜಾರುವ ಪ್ರಕರಣಗಳಲ್ಲಿ ಹಿಂದಕ್ಕೆ ಜಾರುವುದು ನೂರಕ್ಕೆ ಎರಡರಿಂದ ನಾಲ್ಕು ಮಾತ್ರ. ಆದರೆ ಮೊದಲ ತಪಾಸಣೆಯಲ್ಲಿ ಅದರಲ್ಲಿ ಸುಮಾರು ಅರ್ಧದಷ್ಟು ಕಣ್ತಪ್ಪುತ್ತದೆ. ಈ ತಪ್ಪು ಆಗುವುದು ಹೆಚ್ಚಾಗಿ ಹಂತಗಳ ಕ್ರಮ ತಪ್ಪಿದಾಗ: ಮೊದಲು ನೋಡಬೇಕಾದ್ದನ್ನು ನೋಡುವುದಿಲ್ಲ, ಮೊದಲು ಮಾಡಬಾರದ್ದನ್ನು ಮಾಡುತ್ತೇವೆ.

## ಕೈಗೆ ಸಿಗುವಂತೆ ಇಡಬೇಕಾದ್ದು

ಮನೆಯಲ್ಲಿ ಫಿಟ್ಸ್ ಇರುವವರಿದ್ದರೆ ಒಂದು ಚೀಲ ಮಾಡಿಡಿ. ಎರಡು ಉದ್ದನೆಯ ಬೈರಾಸು (ಟವೆಲು), ಸಣ್ಣ ದಿಂಬು, ದಪ್ಪ ಕತ್ತರಿ, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಪಟ್ಟಿ, ಹಳೆಯ ಎಕ್ಸ್‌ರೇ ಮತ್ತು ಚೀಟಿಗಳು. ಕತ್ತರಿ ಏಕೆ ಅಂತ ಮೂರನೇ ಹಂತದಲ್ಲಿ ಗೊತ್ತಾಗುತ್ತದೆ. ಫೋನ್ ಹೇಗೂ ಕೈಯಲ್ಲೇ ಇರುತ್ತದೆ, ಸಮಯ ನೋಡಲು ಮತ್ತು ವಿಡಿಯೋ ಮಾಡಲು ಅದೇ ಸಾಕು.

## ಹಂತ 1: ಫಿಟ್ಸ್ ನಡೆಯುವಾಗ ಕೈ ಹಿಡಿಯಬೇಡಿ

ನಮ್ಮಲ್ಲಿ ಯಾರಿಗಾದರೂ ಫಿಟ್ಸ್ ಬಂದರೆ ನಾಲ್ಕು ಜನ ಓಡಿ ಬಂದು ಕೈಕಾಲು ಅದುಮಿ ಹಿಡಿಯುತ್ತಾರೆ. ಒಬ್ಬರು ಮುಷ್ಟಿ ಬಿಡಿಸಿ ಕಬ್ಬಿಣದ ಬೀಗದಕೈ ತುರುಕುತ್ತಾರೆ. ಪ್ರೀತಿಯಿಂದಲೇ ಮಾಡುವುದು, ಆದರೆ ಭುಜಕ್ಕೆ ಇದಕ್ಕಿಂತ ಕೆಟ್ಟದ್ದು ಇಲ್ಲ.

ಕಾರಣ ಹೀಗೆ. ತೋಳನ್ನು ಒಳಕ್ಕೆ ತಿರುಗಿಸುವ ಎದೆಯ ಮತ್ತು ಬೆನ್ನಿನ ಸ್ನಾಯುಗಳು ದೊಡ್ಡವು. ಹೊರಕ್ಕೆ ತಿರುಗಿಸುವವು ಸಣ್ಣವು. ಫಿಟ್ಸ್‌ನಲ್ಲಿ ಎಲ್ಲವೂ ಒಟ್ಟಿಗೆ ಬಿಗಿದಾಗ ದೊಡ್ಡವು ಗೆಲ್ಲುತ್ತವೆ. ತೋಳು ಒಳಕ್ಕೆ ತಿರುಚಿ, ಗುಂಡು ಹಿಂದಕ್ಕೆ ದೂಡಲ್ಪಡುತ್ತದೆ. ಬೀಳದಿದ್ದರೂ, ಹಾಸಿಗೆಯಲ್ಲೇ ಮಲಗಿದ್ದರೂ ಕೀಲು ಜಾರಬಹುದು, ಮೂಳೆಯೂ ಮುರಿಯಬಹುದು. ಆ ಹೊತ್ತಿನಲ್ಲಿ ನೀವು ಹಿಡಿದು ಎಳೆದರೆ ನಿಮ್ಮ ಬಲವೂ ಅದಕ್ಕೆ ಸೇರುತ್ತದೆ.

ಮಾಡಬೇಕಾದ್ದು ಇಷ್ಟೆ. ಗಡಿಯಾರ ನೋಡಿ. ತಲೆಯ ಕೆಳಗೆ ಮೆತ್ತನೆಯದ್ದೇನಾದರೂ ಇಡಿ. ಸುತ್ತಲಿನ ಕುರ್ಚಿ, ಮೆಟ್ಟುಕತ್ತಿ, ಬಿಸಿ ಪಾತ್ರೆ ದೂರ ಸರಿಸಿ. ಬಾಯಿಗೆ ಏನೂ ಹಾಕಬೇಡಿ. ನಡುಕ ನಿಲ್ಲುತ್ತಾ ಬಂದಾಗ ಪಕ್ಕಕ್ಕೆ ಹೊರಳಿಸಿ. ಹೊರಳಿಸುವಾಗ ಕೈ ಹಿಡಿದು ಎಳೆಯುವುದೇ ಸಾಮಾನ್ಯ ತಪ್ಪು. ಸೊಂಟಕ್ಕೆ ಒಂದು ಕೈ, ಬೆನ್ನಿನ ರೆಕ್ಕೆಮೂಳೆಯ ಹಿಂದೆ ಒಂದು ಕೈ ಕೊಟ್ಟು ಇಡೀ ಮೈಯನ್ನು ಒಟ್ಟಿಗೆ ತಿರುಗಿಸಿ.

ಕೂಡಲೇ 108ಕ್ಕೆ ಕರೆ ಮಾಡಬೇಕಾದಾಗ: ಫಿಟ್ಸ್ 5 ನಿಮಿಷ ದಾಟಿದರೆ, ಎಚ್ಚರವಾಗದೆಯೇ ಮತ್ತೊಂದು ಬಂದರೆ, ಜೀವನದಲ್ಲಿ ಮೊದಲ ಸಲ ಬಂದಿದ್ದರೆ, ಗರ್ಭಿಣಿಯಾಗಿದ್ದರೆ, ಅಥವಾ ನೀರಿನಲ್ಲಿ ಬಂದಿದ್ದರೆ. ಆಗ ಭುಜದ ಮಾತು ಆಮೇಲೆ.

## ಹಂತ 2: ಎಚ್ಚರ ಬರುವವರೆಗೆ ಕಾಯಿರಿ

ಫಿಟ್ಸ್ ಮುಗಿದ ತಕ್ಷಣ ಎದ್ದು ಕೂರಿಸಬೇಡಿ. ಮಂಪರು ಇರುತ್ತದೆ. ಈ ಹೊತ್ತಿನಲ್ಲಿ ಬೊಂಡ (ಎಳನೀರು), ಶರಬತ್ತು, ಕಾಫಿ ಯಾವುದೂ ಬೇಡ. ಶ್ವಾಸನಾಳಕ್ಕೆ ಹೋಗಬಹುದು. ಇನ್ನೊಂದು ಕಾರಣವೂ ಇದೆ: ಕೀಲು ಜಾರಿದ್ದರೆ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡಬೇಕಾಗುತ್ತದೆ. ಹೊಟ್ಟೆ ತುಂಬಿದ್ದರೆ ಅದು ತಡವಾಗುತ್ತದೆ.

ಕಾಯುವಾಗಲೇ ಉಂಗುರ, ಬಳೆ, ವಾಚು ತೆಗೆದುಬಿಡಿ. ಒಂದು ಗಂಟೆ ಬಿಟ್ಟರೆ ಕೈ ಊದಿಕೊಳ್ಳುತ್ತದೆ, ಆಮೇಲೆ ಉಂಗುರ, ಬಳೆಗಳನ್ನೇ ಕತ್ತರಿಸಬೇಕಾಗುತ್ತದೆ.

ಇಲ್ಲಿ ಒಂದು ಗೊಂದಲ ಆಗುತ್ತದೆ. ಕೆಲವರಿಗೆ ಫಿಟ್ಸ್ ಆದ ಮೇಲೆ ಮೈಯ ಒಂದು ಬದಿ ಸ್ವಲ್ಪ ಹೊತ್ತು ಸೋತುಹೋಗುತ್ತದೆ. ಇದಕ್ಕೆ ಟಾಡ್ಸ್ ಪಾರ್ಶ್ವವಾಯು ಎನ್ನುತ್ತಾರೆ. ಹೆಚ್ಚಾಗಿ ಒಂದೆರಡು ದಿನದೊಳಗೆ ಹೋಗುತ್ತದೆ. ಅಲ್ಲಿ ಕೈ ಸಡಿಲವಾಗಿ ಜೋತುಬಿದ್ದಿರುತ್ತದೆ, ನೋವು ಇರುವುದಿಲ್ಲ. ಕೀಲು ಜಾರಿದ ಕೈ ಬಿಗಿಯಾಗಿರುತ್ತದೆ, ಮುಟ್ಟಿದರೆ ನೋವು. ಎರಡನ್ನೂ ನೀವೇ ತೀರ್ಮಾನಿಸಿ ಮನೆಯಲ್ಲಿ ಕೂರಬೇಡಿ. ಕೈ ಸೋತಿದ್ದರೆ ಅದು ಮೆದುಳಿನ ಸ್ಟ್ರೋಕ್ ಕೂಡ ಆಗಿರಬಹುದು, ಹಾಗಾಗಿ ಅದಕ್ಕೂ ಆಸ್ಪತ್ರೆಯೇ.

## ಹಂತ 3: ಎರಡೂ ಭುಜ ನೋಡಿ, ಅಂಗೈ ನೋಡಿ

ಪೂರ್ತಿ ಎಚ್ಚರವಾಗಿ, ಹೇಳಿದ್ದು ಅರ್ಥವಾಗುತ್ತಿದೆ ಎಂದಾದ ಮೇಲೆ ಕುರ್ಚಿಯಲ್ಲಿ ಕೂರಿಸಿ. ಬಟ್ಟೆಯ ಮೇಲಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಭುಜ ಕಾಣುವಷ್ಟು ಬಟ್ಟೆ ಸರಿಸಿ. ಶರ್ಟು ತೆಗೆಯಲು ಆಗದಿದ್ದರೆ ಎಳೆಯಬೇಡಿ, ಕತ್ತರಿಸಿ. ಇನ್ನೂರು ರೂಪಾಯಿ ಶರ್ಟಿಗಾಗಿ ಮುರಿದ ಮೂಳೆಯನ್ನು ಅಲುಗಾಡಿಸುವುದು ಬೇಡ.

ಮೊದಲು ಆಕಾರ. ಹಿಂದೆ ನಿಂತು, ಮೇಲಿನಿಂದ ಎರಡೂ ಭುಜ ಹೋಲಿಸಿ. ಮುಂದಕ್ಕೆ ಜಾರಿದ್ದರೆ ಭುಜದ ದುಂಡು ಹೋಗಿ ಚೌಕವಾಗಿ ಕಾಣುತ್ತದೆ, ತೋಳು ಮೈಯಿಂದ ತುಸು ದೂರ ನಿಂತಿರುತ್ತದೆ. ಇದನ್ನು ಯಾರು ಬೇಕಾದರೂ ಗುರುತಿಸುತ್ತಾರೆ. ಹಿಂದಕ್ಕೆ ಜಾರಿದ್ದರೆ ಕೈ ಸಂಭಾವಿತನ ಥರ ಹೊಟ್ಟೆಗೆ ಅಂಟಿಕೊಂಡು ಕೂತಿರುತ್ತದೆ. ಜೋಳಿಗೆ (ಕೈಯನ್ನು ಕತ್ತಿಗೆ ತೂಗುಹಾಕುವ ಪಟ್ಟಿ) ಹಾಕಿದ ಹಾಗೆ. ಅದಕ್ಕೇ ಯಾರಿಗೂ ಸಂಶಯ ಬರುವುದಿಲ್ಲ. ಮುಂಭಾಗ ಸ್ವಲ್ಪ ಚಪ್ಪಟೆಯಾಗಿ, ಹಿಂದೆ ಉಬ್ಬು ಕಾಣಬಹುದು. ಮೈತುಂಬಿದವರಲ್ಲಿ ಅದೂ ಕಾಣುವುದಿಲ್ಲ.

ಎರಡನೆಯದು ತೀರ್ಥದ ಕೈ. ದೇವಸ್ಥಾನದಲ್ಲಿ ತೀರ್ಥಕ್ಕೆ ಕೈ ಚಾಚುವ ಹಾಗೆ ಅಂಗೈ ಮೇಲೆ ಮಾಡಿ ಮುಂದೆ ಚಾಚಲು ಹೇಳಿ. ನಾನು ಎಲ್ಲರಿಗೂ ಇದನ್ನೇ ಹೇಳುವುದು, ವಿವರಿಸಬೇಕಾಗಿಲ್ಲ. ಭುಜ ಹಿಂದಕ್ಕೆ ಜಾರಿದ್ದರೆ ಹೀಗೆ ಚಾಚಿದ ಕೈಯ ಅಂಗೈ ಪೂರ್ತಿ ಮೇಲಕ್ಕೆ ತಿರುಗುವುದಿಲ್ಲ. ಕೆಲವರು ಮೈಯನ್ನೇ ವಾಲಿಸಿ ತಿರುಗಿಸಿದಂತೆ ಮಾಡುತ್ತಾರೆ. ಮೈ ನೇರ ಇದೆಯಾ ನೋಡಿ.

ಮೂರನೆಯದು ಬಾಗಿಲು. ಮೊಣಕೈ ಸೊಂಟಕ್ಕೆ ತಾಗಿಸಿ 90 ಡಿಗ್ರಿ ಮಡಚಲಿ. ಈಗ ಬಾಗಿಲು ತೆರೆಯುವಂತೆ ಮುಂಗೈಯನ್ನು ಹೊರಕ್ಕೆ ಒಯ್ಯಲಿ. ನೇರ ಮುಂದಿನವರೆಗೂ ಬಾರದೆ ಗಟ್ಟಿಯಾಗಿ ಸಿಕ್ಕಿಕೊಂಡಿದ್ದರೆ, ಬೇರೆ ಏನು ಸರಿ ಇದ್ದರೂ ಆಸ್ಪತ್ರೆಗೆ ಹೊರಡಿ. ಈ ಎರಡನ್ನೂ ಅವರೇ ಮಾಡಬೇಕು. ನೀವು ಹಿಡಿದು ತಿರುಗಿಸಬಾರದು.

ನಾಲ್ಕನೆಯದು ನರ ಮತ್ತು ರಕ್ತ. ತೋಳಿನ ಹೊರಬದಿಯಲ್ಲಿ, ಪೊಲೀಸರ ತೋಳಪಟ್ಟಿ ಇರುವ ಜಾಗದಲ್ಲಿ, ಬಟ್ಟೆ ತುದಿಯಿಂದ ಸವರಿ. ಇನ್ನೊಂದು ಬದಿಯಷ್ಟೇ ಗೊತ್ತಾಗುತ್ತಿದೆಯಾ ಕೇಳಿ. ಮಣಿಕಟ್ಟು ಮೇಲಕ್ಕೆ ಎತ್ತಲು ಬರುತ್ತದೆಯಾ ನೋಡಿ. ಬಾರದಿದ್ದರೆ ತೋಳಿನ ಮೂಳೆ ಮುರಿದು ನರಕ್ಕೆ ಪೆಟ್ಟಾಗಿರಬಹುದು. ಬೆರಳು ಬಿಸಿಯಾಗಿ, ಗುಲಾಬಿಯಾಗಿ ಇರಬೇಕು.

ಹೋಲಿಸಿ ನೋಡುವುದರಲ್ಲೂ ಒಂದು ಮೋಸ ಇದೆ. ಫಿಟ್ಸ್‌ನಲ್ಲಿ ಎರಡೂ ಭುಜ ಒಟ್ಟಿಗೆ ಹಿಂದಕ್ಕೆ ಜಾರುವುದುಂಟು. ಆಗ ಎರಡೂ ಬದಿ ಒಂದೇ ಥರ ಕಾಣುತ್ತದೆ, "ವ್ಯತ್ಯಾಸ ಏನಿಲ್ಲ ಮಾರಾಯ್ರೆ" ಅಂತ ಬಿಟ್ಟುಬಿಡುತ್ತಾರೆ. ಎರಡೂ ಕೈಯಲ್ಲಿ ತೀರ್ಥ ಹಿಡಿಯಲು ಆಗದಿದ್ದರೆ ಅದು ಸಮಾಧಾನದ ವಿಷಯವಲ್ಲ.

ಸುಮ್ನೆ ಮೈಕೈ ನೋವು ಹೇಗಿರುತ್ತದೆ? ಅದು ಎಲ್ಲ ಕಡೆ ಇರುತ್ತದೆ. ತೊಡೆ, ಬೆನ್ನು, ದವಡೆ, ತೋಳು. ನೋವಿದ್ದರೂ ಕೈ ನಿಧಾನಕ್ಕೆ ಎಲ್ಲ ದಿಕ್ಕಿಗೂ ಹೋಗುತ್ತದೆ. ಮೂರ್ನಾಲ್ಕು ದಿನದಲ್ಲಿ ಇಳಿಯುತ್ತದೆ. ಒಂದೇ ಜಾಗದ ನೋವು, ಒಂದೇ ದಿಕ್ಕಿನಲ್ಲಿ ಗೋಡೆಗೆ ತಾಗಿದಂತೆ ನಿಲ್ಲುವುದು ಮೈಕೈ ನೋವಲ್ಲ.

ರಾತ್ರಿ ನಿದ್ದೆಯಲ್ಲಿ ಬರುವ ಫಿಟ್ಸ್ ಇನ್ನೂ ಕಷ್ಟ, ಯಾರೂ ನೋಡಿರುವುದಿಲ್ಲ. ಬೆಳಿಗ್ಗೆ ಎದ್ದಾಗ ಭುಜ ಹಿಡಿದಿದೆ. ನಾಲಿಗೆಯ ಅಂಚು ಕಚ್ಚಿದ ಗಾಯ, ಒದ್ದೆಯಾದ ಹಾಸಿಗೆ, ತಲೆಭಾರ ಇದ್ದರೆ ರಾತ್ರಿ ಫಿಟ್ಸ್ ಬಂದಿರಬಹುದು. ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ ರಾತ್ರಿ ಶುಗರ್ ತೀರಾ ಇಳಿದು, ಕುಡಿತ ತಟ್ಟನೆ ಬಿಟ್ಟವರಲ್ಲಿ ಮೊದಲೆರಡು ದಿನಗಳಲ್ಲಿ ಹೀಗಾಗುತ್ತದೆ. ಪಂಪ್‌ಸೆಟ್ಟಿನ ಕರೆಂಟ್ ಹೊಡೆದವರ ಭುಜಕ್ಕೂ ಇದೇ ಗತಿ, ಅವರಿಗೂ ಇದೇ ಪರೀಕ್ಷೆ ಮಾಡಿ.

ಎರಡು ರೆಕ್ಕೆಮೂಳೆಗಳ ನಡುವೆ ಬೆನ್ನು ನೋಯುತ್ತಿದ್ದರೆ ಅದನ್ನೂ ಹೇಳಿ. ಫಿಟ್ಸ್‌ನ ಬಿಗಿತಕ್ಕೆ ಬೆನ್ನುಮೂಳೆ ಕುಸಿಯುವುದುಂಟು. ಮೂತ್ರ ಕಡು ಚಹಾ ಬಣ್ಣಕ್ಕೆ ಬಂದಿದ್ದರೆ ಸ್ನಾಯು ಹಾನಿಯಾಗಿ ಕಿಡ್ನಿಗೆ ತೊಂದರೆ ಆಗುತ್ತಿರಬಹುದು. ಅದು ತುರ್ತು.

## ಹಂತ 4: ಇದ್ದ ಭಂಗಿಯಲ್ಲೇ ಆಧಾರ ಕೊಟ್ಟು ಹೊರಡಿ

ಕೈಯನ್ನು 'ಸರಿಯಾದ' ಜಾಗಕ್ಕೆ ತರಲು ಹೋಗಬೇಡಿ. ಯಾವ ಭಂಗಿಯಲ್ಲಿ ನೋವು ಕಡಿಮೆಯೋ ಅದೇ ಸರಿ. ತೋಳು ಮತ್ತು ಮೈ ನಡುವೆ ಖಾಲಿ ಜಾಗವಿದ್ದರೆ ದಿಂಬು ತುಂಬಿ. ಒಂದು ಬೈರಾಸು ಜೋಳಿಗೆಗೆ, ಇನ್ನೊಂದು ಎದೆಯ ಸುತ್ತ ಸಡಿಲವಾಗಿ. ಬಟ್ಟೆಯಲ್ಲಿ ಸುತ್ತಿದ ಐಸ್ 15–20 ನಿಮಿಷ ಇಡಿ.

ಎಣ್ಣೆ ತಿಕ್ಕಬೇಡಿ. ಕೀಲು ಕೂರಿಸುವ ನಾಟಿ ವೈದ್ಯರ ಬಳಿ ಮೊದಲು ಹೋಗಬೇಡಿ. ಅವರ ಕೈಗುಣದ ಬಗ್ಗೆ ನನಗೆ ತಕರಾರಿಲ್ಲ. ಆದರೆ ಫಿಟ್ಸ್‌ನಿಂದ ಜಾರಿದ ಭುಜದಲ್ಲಿ ಮೂಳೆಯೂ ಬಿರುಕು ಬಿಟ್ಟಿರುವುದು ಸಾಮಾನ್ಯ. ಎಕ್ಸ್‌ರೇ ಇಲ್ಲದೆ ಎಳೆದರೆ ಬಿರುಕು ತುಂಡಾಗುತ್ತದೆ. ಆಮೇಲೆ ಬರೀ ಕೀಲು ಕೂರಿಸುವ ಕೆಲಸ ದೊಡ್ಡ ಆಪರೇಷನ್ ಆಗುತ್ತದೆ.

ನೋವಿಗೆ ಮನೆಯಲ್ಲಿದ್ದ ಮಾತ್ರೆ ಕೊಡುವ ಮೊದಲು ಹೆಸರು ಓದಿ. ಟ್ರಮಡಾಲ್ ಇರುವ ಮಾತ್ರೆ ಫಿಟ್ಸ್ ಇರುವವರಿಗೆ ಆಗದು, ಅದೇ ಫಿಟ್ಸ್ ತರಿಸಬಹುದು. ಪ್ಯಾರಾಸಿಟಮಾಲ್ ಜೊತೆ ಬೆರೆಸಿದ ಮಾತ್ರೆಗಳಲ್ಲೂ ಅದು ಅಡಗಿರುತ್ತದೆ.

ಸ್ಕೂಟರ್ ಬೇಡ, ಕಂಬಿ ಹಿಡಿದು ನಿಲ್ಲುವ ಬಸ್ಸೂ ಬೇಡ. ಎಲ್ಲಿಗೆ ಹೋಗುವುದು? ಮೂಳೆ ವೈದ್ಯರು, ಅರಿವಳಿಕೆ ವೈದ್ಯರು, ಸಿಟಿ ಸ್ಕ್ಯಾನ್ ಒಂದೇ ಕಡೆ ಇರುವಲ್ಲಿಗೆ. ಬೈಂದೂರು, ಕುಂದಾಪುರ, ಕಾರ್ಕಳದವರು ಸಾಮಾನ್ಯವಾಗಿ ಉಡುಪಿ, ಮಣಿಪಾಲಕ್ಕೆ ಬರುತ್ತಾರೆ. ಪುತ್ತೂರು, ಸುಳ್ಯ, ಬೆಳ್ತಂಗಡಿಯವರು ಮಂಗಳೂರಿಗೆ. ಸರ್ಕಾರಿ ಕಡೆ ಬೇಕಿದ್ದರೆ ಮಂಗಳೂರಿನ ವೆನ್ಲಾಕ್, ಉಡುಪಿಯ ಅಜ್ಜರಕಾಡಿನ ಜಿಲ್ಲಾಸ್ಪತ್ರೆ ಇವೆ. ಆಯುಷ್ಮಾನ್ ಕಾರ್ಡ್ ಇದ್ದರೆ ಜೊತೆಗೆ ಒಯ್ಯಿರಿ. ತುರ್ತಲ್ಲದ ಆಪರೇಷನ್ನಿಗೆ ಖಾಸಗಿ ಆಸ್ಪತ್ರೆಯಲ್ಲಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಕೇಳುತ್ತಾರೆ. ಅದನ್ನು ಮೊದಲೇ ಮಾಡಿಸಿಕೊಂಡರೆ ಓಡಾಟ ತಪ್ಪುತ್ತದೆ.

## ಹಂತ 5: ಎರಡನೇ ಕೋನದ ಎಕ್ಸ್‌ರೇ ಕೇಳಿ

ಆಸ್ಪತ್ರೆಯಲ್ಲಿ "ಭುಜ ನೋವು" ಎಂದಷ್ಟೇ ಹೇಳಿದರೆ ಸಾಲದು. ಮೊದಲ ವಾಕ್ಯವೇ ಇದಾಗಲಿ: "ಇವತ್ತು ಬೆಳಿಗ್ಗೆ ಫಿಟ್ಸ್ ಬಂತು, ಆಮೇಲಿಂದ ಕೈ ಹೊರಗೆ ತಿರುಗುತ್ತಿಲ್ಲ." ನಾಚಿಕೆಗೆ ಫಿಟ್ಸ್ ಮುಚ್ಚಿಟ್ಟು "ಬಾತ್‌ರೂಮಲ್ಲಿ ಜಾರಿದ್ದು" ಎಂದರೆ ವೈದ್ಯರು ಬೇರೆಯೇ ಪೆಟ್ಟು ಹುಡುಕುತ್ತಾರೆ. ಅದು ಅವರ ತಪ್ಪಲ್ಲ ಅಲ್ವಾ?

ಮುಂದಿನಿಂದ ತೆಗೆದ ಒಂದೇ ಎಕ್ಸ್‌ರೇಯಲ್ಲಿ ಹಿಂದಕ್ಕೆ ಜಾರಿದ ಗುಂಡು ತನ್ನ ಜಾಗದಲ್ಲೇ ಇರುವಂತೆ ಕಾಣುತ್ತದೆ. ಬಾಗಿಲ ಹಿಂದೆ ನಿಂತವನನ್ನು ಎದುರಿನಿಂದ ನೋಡಿದ ಹಾಗೆ. ತಿಳಿದವರಿಗೆ ಒಂದು ಸುಳಿವು ಸಿಗುತ್ತದೆ: ತೋಳು ಒಳಕ್ಕೆ ತಿರುಗಿರುವುದರಿಂದ ಮೂಳೆಯ ತಲೆ ಹಳೇ ಕಾಲದ ಬಲ್ಬಿನಂತೆ ದುಂಡಗೆ ಕಾಣುತ್ತದೆ. ಆದರೆ ಖಾತ್ರಿಯಾಗಲು ಕಂಕುಳಿನ ಕಡೆಯಿಂದ ತೆಗೆಯುವ ಆಕ್ಸಿಲರಿ ವ್ಯೂ ಬೇಕು. ಕೈ ಎತ್ತಲು ಆಗದಿದ್ದರೆ ಪಕ್ಕದಿಂದ ತೆಗೆಯುವ ಸ್ಕ್ಯಾಪುಲಾರ್ ವೈ ವ್ಯೂ, ಅಥವಾ ಜೋಳಿಗೆಯಲ್ಲೇ ಹಿಂದಕ್ಕೆ ವಾಲಿಸಿ ತೆಗೆಯುವ ವೆಲ್ಪೂ ವ್ಯೂ. ಈ ಹೆಸರುಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. "ಇನ್ನೊಂದು ಕೋನದಿಂದ ತೆಗೆಯುತ್ತೀರಾ?" ಎಂದು ಮರ್ಯಾದೆಯಿಂದ ಕೇಳಿದರೆ ಯಾರೂ ಬೈಯುವುದಿಲ್ಲ. ಬೈದರೂ ಭುಜ ನಿಮ್ಮದು.

ಎಕ್ಸ್‌ರೇಯಲ್ಲಿ ಸಂಶಯ ಉಳಿದರೆ, ಅಥವಾ ಜಾರಿರುವುದು ಖಚಿತವಾದರೆ ಸಿಟಿ ಸ್ಕ್ಯಾನ್. ಗುಂಡು ಕೀಲಿನ ಅಂಚಿಗೆ ಬಡಿದು ಮೂಳೆಯಲ್ಲಿ ಎಷ್ಟು ಕುಳಿ ಬಿದ್ದಿದೆ ಎನ್ನುವುದು ಅದರಲ್ಲಿ ಗೊತ್ತಾಗುತ್ತದೆ. ಮುಂದಿನ ಚಿಕಿತ್ಸೆ ಆ ಕುಳಿಯ ಅಳತೆಯ ಮೇಲೇ ನಿಂತಿದೆ. ಕೀಲು ಸರಿ ಇದ್ದೂ ಕೈ ಎತ್ತಲು ಆಗದಿದ್ದರೆ ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ) ಹರಿದಿರಬಹುದು. ಅದಕ್ಕೆ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ.

## ಹಂತ 6: ಕೀಲು ಕೂರಿಸುವುದು, ಅಥವಾ ಆಪರೇಷನ್

ಮೂರು ವಾರದೊಳಗೆ ಗೊತ್ತಾಗಿ, ಕುಳಿ ಸಣ್ಣದಿದ್ದರೆ ಅರಿವಳಿಕೆ ಕೊಟ್ಟು, ಸ್ನಾಯು ಪೂರ್ತಿ ಸಡಿಲವಾದ ಮೇಲೆ ನಿಧಾನಕ್ಕೆ ಕೂರಿಸುತ್ತಾರೆ. ಎಚ್ಚರವಿದ್ದಾಗ ಬಲವಂತವಾಗಿ ಎಳೆಯುವ ಪೆಟ್ಟಲ್ಲ ಇದು. ಕೂರಿಸಿದ ಮೇಲೆ ಮತ್ತೆ ಎಕ್ಸ್‌ರೇ, ಮತ್ತೆ ನರದ ಪರೀಕ್ಷೆ ಆಗಬೇಕು.

ಹೆಚ್ಚು ತಡವಾದಷ್ಟು ದಾರಿ ಕಡಿಮೆ. ಮೂಳೆಯ ತಲೆಯ ಕಾಲು ಭಾಗಕ್ಕಿಂತ ಸಣ್ಣ ಕುಳಿಯಾದರೆ ಕೂರಿಸಿ ಜೋಳಿಗೆಯಲ್ಲಿ ಇಟ್ಟರೆ ಸಾಕಾಗಬಹುದು. ಅದಕ್ಕಿಂತ ದೊಡ್ಡದಾದರೆ ಪಕ್ಕದ ಸ್ನಾಯುರಜ್ಜನ್ನು ಕುಳಿಗೆ ಕೂರಿಸುವ ಮೆಕ್‌ಲಾಫ್ಲಿನ್ ಆಪರೇಷನ್, ಅಥವಾ ಮೂಳೆ ತುಂಬುವುದು. ಅರ್ಧದಷ್ಟು ಹೋಗಿದ್ದರೆ ಕೀಲು ಬದಲಿಯ ಮಾತು ಬರುತ್ತದೆ. ಮುಂದಕ್ಕೆ ಮತ್ತೆ ಮತ್ತೆ ಜಾರುವ ಭುಜಕ್ಕೆ, ಕೀಲಿನ ಮುಂದೆ ಮೂಳೆಯ ತುಂಡು ಕೂರಿಸಿ ತಡೆಗೋಡೆ ಮಾಡುವ ಲಟಾರ್ಜೆ ಎಂಬ ಆಪರೇಷನ್ ಇದೆ.

ಆಪರೇಷನ್ ದಿನ ಹೊಟ್ಟೆ ಖಾಲಿ ಇಡಿ ಎನ್ನುತ್ತಾರೆ. ಅಂದ್ರೆ ಫಿಟ್ಸ್ ಮಾತ್ರೆಯನ್ನೂ ಬಿಡಬೇಕು ಎಂದಲ್ಲ. ಅದನ್ನು ಗುಟುಕು ನೀರಿನಲ್ಲಿ ತೆಗೆದುಕೊಳ್ಳಬೇಕೇ, ಇಂಜೆಕ್ಷನ್ ಕೊಡುತ್ತಾರೆಯೇ ಎಂದು ಅರಿವಳಿಕೆ ವೈದ್ಯರನ್ನು ಹಿಂದಿನ ದಿನವೇ ಕೇಳಿ. ಡೋಸ್ ತಪ್ಪಿ ರಾತ್ರಿ ವಾರ್ಡಿನಲ್ಲಿ ಫಿಟ್ಸ್ ಬಂದು, ಹಾಕಿದ ಹೊಲಿಗೆ ಕಿತ್ತುಬಂದ ಒಬ್ಬರನ್ನು ನಾನು ನೋಡಿದ್ದೇನೆ. ಇಡೀ ಕೆಲಸ ಮೊದಲಿಂದ ಮಾಡಬೇಕಾಯಿತು.

## ಹಂತ 7: ಯಾವ ಜೋಳಿಗೆ ಎಂದು ಕೇಳಿ

ಇಲ್ಲಿ ತಪ್ಪು ಜಾಸ್ತಿ. ಮುಂದಕ್ಕೆ ಜಾರಿ ಕೂರಿಸಿದ್ದರೆ ಕೈ ಹೊಟ್ಟೆಯ ಮೇಲೆ ಬರುವ ಮಾಮೂಲಿ ಜೋಳಿಗೆ ಆಗುತ್ತದೆ. ಹಿಂದಕ್ಕೆ ಜಾರಿದ್ದಕ್ಕೆ ಅದೇ ಜೋಳಿಗೆ ಹಾಕಿದರೆ ಕೈ ಮತ್ತೆ ಒಳಕ್ಕೆ ತಿರುಗಿ, ಗುಂಡು ಜಾರಿದ ದಾರಿಯಲ್ಲೇ ಹೋಗಲು ಅನುಕೂಲವಾಗುತ್ತದೆ. ಅದಕ್ಕೆ ಮುಂಗೈ ನೇರ ಮುಂದಕ್ಕೆ ಅಥವಾ ತುಸು ಹೊರಕ್ಕೆ ನಿಲ್ಲುವಂತೆ, ಸೊಂಟದ ಬಳಿ ದಿಂಬಿರುವ ಬ್ರೇಸ್ ಬೇಕು. ಅವಧಿ ಸಾಮಾನ್ಯವಾಗಿ 4ರಿಂದ 6 ವಾರ. ಮೆಡಿಕಲ್ ಅಂಗಡಿಯಲ್ಲಿ "ಭುಜದ್ದು ಒಂದು ಕೊಡಿ" ಎಂದು ತರಬೇಡಿ.

ಮಳೆಗಾಲದಲ್ಲಿ ಕಂಕುಳು ಬೆವರಿ ಹುಣ್ಣಾಗುತ್ತದೆ. ದಿನಕ್ಕೊಮ್ಮೆ ಮುಂದಕ್ಕೆ ಬಗ್ಗದೆ, ಕೈ ಭಂಗಿ ಬದಲಿಸದೆ ಒರೆಸಿ ಒಣ ಹತ್ತಿಬಟ್ಟೆ ಇಡಿ. ಬೆರಳು, ಮಣಿಕಟ್ಟು, ಮೊಣಕೈ ಮಾತ್ರ ಮೊದಲ ದಿನದಿಂದಲೇ ಆಡಿಸುತ್ತಿರಿ.

ವಾಪಸ್ ಓಡಬೇಕಾದಾಗ: ಬೆರಳು ಮರಗಟ್ಟಿದರೆ ಅಥವಾ ನೀಲಿಯಾದರೆ, ನೋವು ಇಳಿಯುವ ಬದಲು ಏರಿದರೆ, ಮತ್ತೆ ಫಿಟ್ಸ್ ಬಂದರೆ. ಮತ್ತೆ ಫಿಟ್ಸ್ ಬಂದರೆ ನೋವಿಲ್ಲದಿದ್ದರೂ ಎಕ್ಸ್‌ರೇ ಮಾಡಿಸಿ.

## ಹಂತ 8: ವ್ಯಾಯಾಮ, ಅವಸರವಿಲ್ಲದೆ

ಜೋಳಿಗೆ ಇರುವಾಗಲೇ ತೋಳು ಸುಮ್ನೆ ಇಳಿಬಿಟ್ಟು ಲೋಲಕದಂತೆ ಆಡಿಸುವುದನ್ನು ಯಾವಾಗ ಶುರು ಮಾಡಬೇಕು ಎಂದು ವೈದ್ಯರು ಹೇಳುತ್ತಾರೆ. ಸ್ವಂತ ಬಲದಲ್ಲಿ ಎತ್ತುವುದು ಸುಮಾರು 6 ವಾರದ ಮೇಲೆ. ರಬ್ಬರ್ ಪಟ್ಟಿ, ತೂಕ ಸುಮಾರು 12 ವಾರದ ಮೇಲೆ. ಮೂಳೆ ಮುರಿದಿದ್ದರೆ, ಹೊಲಿಗೆ ಹಾಕಿದ್ದರೆ ಇದು ಇನ್ನೂ ಮುಂದೆ ಹೋಗುತ್ತದೆ.

ಹಿಂದಕ್ಕೆ ಜಾರಿದ್ದವರು ಮೊದಲ 6 ವಾರ ಮೂರು ಕೆಲಸ ಬಿಡಬೇಕು: ಕೈ ಬೆನ್ನ ಹಿಂದೆ ಒಯ್ಯುವುದು, ಎದೆಯ ಅಡ್ಡಕ್ಕೆ ಎಳೆಯುವುದು, ಮುಂದಕ್ಕೆ ದೂಡುವುದು. ಪಂಚೆಯ ಹಿಂದಿನ ಕಚ್ಚೆ ಸಿಕ್ಕಿಸುವುದು, ರವಿಕೆಯ ಹಿಂದಿನ ಹುಕ್ಕು, ನೆಲಕ್ಕೆ ಕೈ ಊರಿ ಏಳುವುದು ಎಲ್ಲವೂ ಇದರಲ್ಲಿ ಬಂತು. ಬಲಪಡಿಸುವಾಗ ಹೊರಕ್ಕೆ ತಿರುಗಿಸುವ ಸಣ್ಣ ಸ್ನಾಯುಗಳಿಗೆ ಹೆಚ್ಚು ಹೊತ್ತು ಕೊಡಿ. ಜಿಮ್ಮಿನಲ್ಲಿ ಎದೆ ಬೆಳೆಸುವುದನ್ನು ಮೊದಲು ಶುರು ಮಾಡುವ ಹುಡುಗರು ಮತ್ತೆ ನನ್ನ ಬಳಿಗೇ ಬರುತ್ತಾರೆ. ಮೀನಿನ ಬಲೆ ಎಳೆಯುವುದು, ಬಾವಿಯಿಂದ ನೀರು ಸೇದುವುದು, ಅಡಿಕೆ ಮರ ಹತ್ತುವುದು ವೈದ್ಯರು ಒಪ್ಪುವ ತನಕ ಇಲ್ಲ.

## ಹಂತ 9: ಫಿಟ್ಸ್ ನಿಲ್ಲಿಸದೆ ಭುಜ ನಿಲ್ಲದು

ಭುಜ ಸರಿಯಾಯಿತು ಅಂತ ನರರೋಗ ತಜ್ಞರ ಬಳಿಗೆ ಹೋಗದೆ ಇರುವವರೇ ಮತ್ತೆ ಜಾರಿಸಿಕೊಳ್ಳುವವರು. ಎಷ್ಟು ಚೆನ್ನಾಗಿ ಹೊಲಿದರೂ ಇನ್ನೊಂದು ಫಿಟ್ಸ್ ಅದನ್ನು ಬಿಚ್ಚಬಲ್ಲದು. ಡೋಸ್ ತಪ್ಪುವುದು ಯಾವಾಗ ಎಂದು ಗಮನಿಸಿ: ಏಕಾದಶಿ ಉಪವಾಸ, ರಂಜಾನ್ ಉಪವಾಸ, ಬೆಳಗಿನವರೆಗೆ ಯಕ್ಷಗಾನ, ಕಂಬಳದ ರಾತ್ರಿ, ಮದುವೆ ಮನೆಯ ಗಡಿಬಿಡಿ. ನಿದ್ದೆ ಕೆಟ್ಟರೂ ಫಿಟ್ಸ್ ಬರುತ್ತದೆ. ಉಪವಾಸ ಮಾಡುವುದಾದರೆ ಮಾತ್ರೆಯ ಹೊತ್ತು ಬದಲಿಸುವುದನ್ನು ವೈದ್ಯರ ಬಳಿ ಮೊದಲೇ ಮಾತಾಡಿ.

ಫಿನೈಟಾಯಿನ್, ಕಾರ್ಬಮಜೆಪಿನ್, ಫಿನೋಬಾರ್ಬಿಟಾಲ್ ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ವಿಟಮಿನ್ ಡಿ ಕಡಿಮೆಯಾಗಿ ಮೂಳೆ ಸಡಿಲವಾಗುತ್ತದೆ. ಹಾಗಂತ ಮಾತ್ರೆ ನಿಲ್ಲಿಸಿದರೆ ದೊಡ್ಡ ಅಪಾಯ. ವಿಟಮಿನ್ ಡಿ ರಕ್ತ ಪರೀಕ್ಷೆ ಮಾಡಿಸಿ, ಬೇಕಿದ್ದರೆ ಮೂಳೆ ಸಾಂದ್ರತೆಯ ಡೆಕ್ಸಾ ಸ್ಕ್ಯಾನ್ ಕೇಳಿ. ಬೂತಾಯಿ ಮೀನು ತಿನ್ನುವವರಿಗೆ ಕ್ಯಾಲ್ಸಿಯಂ, ವಿಟಮಿನ್ ಡಿ ಎರಡೂ ಒಂದಿಷ್ಟು ಸಿಗುತ್ತದೆ. ಕೊರತೆ ಇದ್ದರೆ ಅದಷ್ಟೇ ಸಾಲದು, ಮಾತ್ರೆಯೇ ಬೇಕು.

ಮನೆಯಲ್ಲಿ ಬಾವಿಗೆ ಎತ್ತರದ ಕಟ್ಟೆ ಮತ್ತು ಮುಚ್ಚಳ ಹಾಕಿಸಿ. ಬಚ್ಚಲಿನ ಚಿಲಕ ಒಳಗಿನಿಂದ ಹಾಕುವುದು ಬೇಡ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳದ ಮುರಕಲ್ಲನ್ನು ವಾರಕ್ಕೊಮ್ಮೆ ತಿಕ್ಕಿ. ಮತ್ತೆ ಆ ಎಕ್ಸ್‌ರೇ ಫಿಲ್ಮ್, ಸಿಟಿಯ ಸಿಡಿ ಎರಡನ್ನೂ ಎಸೆಯದೆ ಚೀಲದಲ್ಲೇ ಇಡಿ. ಮುಂದಿನ ಸಲ ನೋವು ಬಂದಾಗ ಹಳೆಯದರ ಪಕ್ಕ ಹೊಸದನ್ನು ಇಟ್ಟು ನೋಡಬೇಕಾಗುತ್ತದೆ.